ಭರಣಿಯ ಬಾಯಿ ಕಟ್ಟಿದ ಕೈ

ಉಪ್ಪಿನಕಾಯಿ ಭರಣಿಯ ಬಾಯಿ ಹಿಡಿಯಲಿಲ್ಲ ಎಂದು ಮುಖ ಸಣ್ಣ ಮಾಡಿಕೊಂಡು ಬರುವ ಹುಡುಗಿಯರನ್ನು ನಾನು ಮೊದಲು ಕೇಳುವುದು, "ಎಲ್ಲಿಟ್ಟಿದ್ದೆ?" ಎಂದು. ಉಪ್ಪು ಎಷ್ಟು, ಮಾವಿನ ಮಿಡಿ ಯಾವ ಮರದ್ದು, ಮೆಣಸು ಎಲ್ಲಿಯದು ಎಂಬ ವಿಚಾರಣೆಯೆಲ್ಲ ಆಮೇಲೆ. ಹಾಕಿದ ಕೈಗಿಂತ ಇಟ್ಟ ಜಾಗವೇ ಹೆಚ್ಚು ಭರಣಿಗಳನ್ನು ಕೆಡಿಸಿದೆ. ಆದರೆ ನಮ್ಮ ಕಡೆ ಜಾಗವನ್ನು ಯಾರೂ ಬಯ್ಯುವುದಿಲ್ಲ, ಕೈಯನ್ನೇ ಬಯ್ಯುವುದು. ಜಾಗಕ್ಕೆ ಕಣ್ಣೀರು ಬರುವುದಿಲ್ಲವಲ್ಲ.

ಬೆಳ್ಳಾರೆಯಿಂದ ಬಸ್ಸಿಗೆ ಭರಣಿ ಏರಿಸಿ ಪುತ್ತೂರಿನ, ಸುಬ್ರಹ್ಮಣ್ಯದ ಹೋಟೆಲುಗಳಿಗೆ ಉಪ್ಪಿನಕಾಯಿ ಕೊಟ್ಟು ಬದುಕು ಕಟ್ಟಿಕೊಂಡವಳು ನಾನು. ಹೋಟೆಲಿನ ಧಣಿಗಳೊಡನೆ, ಮರದ ಯಜಮಾನರೊಡನೆ, ಬಸ್ಸಿನ ಕಂಡಕ್ಟರನೊಡನೆ ಚರ್ಚೆ ಮಾಡಿ ಗೆದ್ದದ್ದೇ ಹೆಚ್ಚು. ಸರಿಯಾಗಿ ಸೋತದ್ದು ಒಮ್ಮೆ. ಅದೂ ಈ ವ್ಯಾಪಾರಕ್ಕೆಲ್ಲ ಇಳಿಯುವ ಮೊದಲು, ಐವತ್ತರ ದಶಕ ಮುಗಿಯುತ್ತಾ ಬಂದ ಕಾಲದಲ್ಲಿ, ಕಡಬದ ಕಡೆಯ ಒಂದು ಮನೆಯ ಜಗಲಿಯಲ್ಲಿ, ನನ್ನ ಅಕ್ಕನ ಅತ್ತೆಯ ಎದುರು.

ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಅಪ್ಪ ಬೇಗ ತೀರಿಕೊಂಡಿದ್ದರು. ಬೆಳ್ಳಾರೆ ಪೇಟೆಯಿಂದ ಸ್ವಲ್ಪ ಕೆಳಗಿನ ನಮ್ಮ ಮನೆಯಲ್ಲಿ ಅಮ್ಮ, ಅಕ್ಕ, ನಾನು. ಗದ್ದೆಯ ವ್ಯವಹಾರ ನೋಡಲು ಆಗಾಗ ಬಂದುಹೋಗುವ ಸೋದರಮಾವ. ಶಿವರಾತ್ರಿ ಕಳೆದು ಕಾಡು ಮಾವಿನ ಮರಗಳಲ್ಲಿ ಮಿಡಿ ನಿಂತಾಗ ಮರದವರ ಮನೆಗೆ ಹೋಗುವುದು ನಮ್ಮಿಬ್ಬರ ಕೆಲಸ. ಮಿಡಿ ಆರಿಸುವವಳು ಅಕ್ಕ, ದರ ಮಾತಾಡುವವಳು ನಾನು. ಅಕ್ಕ ಒಂದು ಮಿಡಿಯ ತೊಟ್ಟು ಮುರಿದು, ಚಿಮ್ಮುವ ಸೊನೆಗೆ ಬೆಂಕಿಕಡ್ಡಿ ಹಿಡಿಯುತ್ತಿದ್ದಳು. ಸೊನೆ ಚಟಪಟ ಎಂದು ಉರಿದರೆ ಆ ಮರದ ಮಿಡಿ ವರ್ಷಗಟ್ಟಲೆ ನಿಲ್ಲುತ್ತದೆ. ಅವಳು ಕಣ್ಣಲ್ಲೇ ಸೈ ಎಂದದ್ದು ಕಂಡ ಕೂಡಲೇ ನಾನು ಮೂಗು ಮುರಿಯಲು ಸುರುಮಾಡುತ್ತಿದ್ದೆ: ಹುಳಿ ಸಾಲದು, ಪರಿಮಳ ಇಲ್ಲ, ತೊಟ್ಟು ಗಿಡ್ಡ. ವಾಪಸು ಬರುವ ದಾರಿಯುದ್ದಕ್ಕೂ ಅಕ್ಕ ಆ ಮರದ ಯಜಮಾನರ ಹಾಗೆಯೇ ಸೊಂಟಕ್ಕೆ ಕೈಕೊಟ್ಟು, ಅವರ ಹಾಗೆಯೇ ಸ್ವರ ಎಳೆದು ಹೇಳುತ್ತಿದ್ದಳು:

"ಈ ಹುಡುಗಿಯ ನಾಲಿಗೆ ಉಂಟಲ್ಲ, ಅದನ್ನು ಉಪ್ಪು ಹಾಕಿ ಭರಣಿಯಲ್ಲಿ ಇಡ್ಬೇಕು ಮಾರಾಯ್ರೆ. ಹತ್ತು ವರ್ಷ ಆದ್ರೂ ಹಾಳಾಗ್ಲಿಕ್ಕಿಲ್ಲ!"

ನಾನು ಬುಟ್ಟಿ ಕೆಳಗಿಟ್ಟು ದಾರಿಯಲ್ಲೇ ಕೂತು ನಗುತ್ತಿದ್ದೆ. ಯಾರನ್ನು ಬೇಕಾದರೂ ಅವಳು ಹಾಗೆ ತಂದು ಎದುರಿಗೆ ನಿಲ್ಲಿಸುತ್ತಿದ್ದಳು. ಅಂಚೆಯವನು, ಬಳೆಗಾರ್ತಿ, ಲೆಕ್ಕದ ಮಾಸ್ತರು, ನಮ್ಮ ಮಾವ. ಮಾವನನ್ನು ಮಾಡುವಾಗ ಮಾತ್ರ ಅಮ್ಮ, "ಸಾಕು, ಹಿರಿಯರು" ಎಂದು ಗದರಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದರು.

ಅಕ್ಕನ ಮದುವೆ ಒಂದು ವರ್ಷ ಬೇಸಿಗೆ ಕಾಲಿಡುವ ಮೊದಲೇ ಆಗಿಹೋಯಿತು. ಕೊಟ್ಟದ್ದು ಕುಮಾರಧಾರೆ ಹೊಳೆಯ ಆಚೆ, ಕಡಬದ ಹತ್ತಿರ. ಆ ಸಲದ ಮಿಡಿಗೆ ನಾನೊಬ್ಬಳೇ ಹೋದೆ. ದರ ಎಂದಿಗಿಂತ ಕಡಿಮೆಗೇ ಸಿಕ್ಕಿತು. ಬುಟ್ಟಿ ಹೊತ್ತು ಬರುವಾಗ ಅದನ್ನು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ, "ಒಳ್ಳೇದಾಯ್ತು" ಎಂದರು, ಅಷ್ಟೇ.

ನಮ್ಮ ಕಡೆ ಹೊಸದಾಗಿ ಮದುವೆಯಾದವಳು ಮೊದಲ ಆಟಿ ತಿಂಗಳನ್ನು, ಅಂದರೆ ಮಳೆ ಜೋರಾಗಿರುವ ಆಷಾಢದ ಹೊತ್ತನ್ನು, ತವರಿನಲ್ಲಿ ಕಳೆಯುವ ಕ್ರಮ ಉಂಟು. ಆಟಿ ಕೂರುವುದು ಎನ್ನುತ್ತಾರೆ. ಗದ್ದೆಯ ನೆಟ್ಟಿ ಮುಗಿದಿರುತ್ತದೆ, ಮದುವೆ ಮುಂಜಿಗಳಿಲ್ಲ, ಮನೆಯಿಂದ ಹೊರಗೆ ಕಾಲಿಡುವ ಹಾಗಿಲ್ಲ. ತಾಯಿ ಮಗಳು ಒಲೆಯ ಬದಿಯಲ್ಲಿ ಹಲಸಿನ ಬೀಜ ಸುಟ್ಟು ತಿನ್ನುತ್ತಾ ಮಾತಾಡಿದ್ದೇ ಮಾತಾಡಿದ್ದು. ಆದರೆ ಅದು ಸಿಗುವುದು ಒಂದೇ ಒಂದು ವರ್ಷ. ಮರುವರ್ಷದ ಆಟಿಗೆ ಮಡಿಲಲ್ಲಿ ಮಗು, ಅಥವಾ ತಲೆಯ ಮೇಲೆ ಗಂಡನ ಮನೆಯ ಕೆಲಸ. ಮಳೆ ಸುರುವಾಗಿ ಹೊಳೆ ತುಂಬಿ ಆಚೆ ದಡದ ಸುದ್ದಿಯೇ ನಿಂತುಹೋದ ಮೇಲೆ, ನಾನು ಆ ಒಂದು ತಿಂಗಳನ್ನೇ ಕಾಯುತ್ತಾ ಅಕ್ಕನಿಗೆ ಹೇಳಬೇಕಾದ್ದನ್ನೆಲ್ಲ ಕೂಡಿಟ್ಟುಕೊಂಡೆ. ಪೇಟೆಯ ಜವಳಿ ಅಂಗಡಿಯವರು ಹೊಸ ಸೈಕಲ್ಲಿನ ಸಮೇತ ತೋಡಿನ ನೀರಿಗೆ ಇಳಿದದ್ದು. ಪಕ್ಕದ ಮನೆಯ ಅಜ್ಜಿ ಮೊದಲ ಸಲ ರೇಡಿಯೊ ಕೇಳಿದಾಗ, ಒಳಗಿದ್ದವನು ನಮಸ್ಕಾರ ಎಂದದ್ದಕ್ಕೆ, "ನಮಸ್ಕಾರ, ಊಟ ಆಯ್ತಾ?" ಎಂದು ಕೇಳಿದ್ದು. ಅಕ್ಕನ ಬಾಯಿಗೆ ಬಿದ್ದರೆ ಇವೆಲ್ಲ ಏನಾಗಬಹುದು ಎಂದು ಯೋಚಿಸಿಕೊಂಡು ಒಬ್ಬಳೇ ನಗುತ್ತಿದ್ದೆ.

ಆಟಿ ಹಿಡಿದು, ಮಳೆ ಸ್ವಲ್ಪ ಹೊಳವಾದ ಒಂದು ಬೆಳಿಗ್ಗೆ ಮಾವನೂ ನಾನೂ ಅವಳನ್ನು ಕರೆತರಲು ಹೊರಟೆವು. ಕಡವಿನಲ್ಲಿ ದೋಣಿಯವನು ನಮ್ಮನ್ನು ದಾಟಿಸಿ, ಆಚೆ ದಡದಲ್ಲಿ ಮಾವನ ಮುಖವನ್ನೇ ನೋಡಿ ಹೇಳಿದ: "ನಾಳೆ ಮಧ್ಯಾಹ್ನದ ಒಳಗೆ ಬನ್ನಿ. ಆಮೇಲೆ ಘಟ್ಟದಲ್ಲಿ ಮಳೆ ಬಿದ್ರೆ ನಾನು ಹುಟ್ಟು ಮುಟ್ಟುದಿಲ್ಲ. ಮತ್ತೆ ಬಯ್ಬೇಡಿ."

ಅಕ್ಕನ ಮನೆಯ ಜಗಲಿಯಲ್ಲಿ ಅವಳ ಅತ್ತೆ ಎಲೆಯಡಿಕೆ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ದಪ್ಪ ಶರೀರ, ಸಪೂರ ಸ್ವರ. ಕಾಲು ತೊಳೆಯಲು ನೀರು ಕೊಡಿಸಿದರು, ಬೆಲ್ಲ ನೀರು ಕೊಡಿಸಿದರು, ಅಮ್ಮನ ಕ್ಷೇಮ ಕೇಳಿದರು. ನೀರು ತಂದ ಅಕ್ಕ ನನ್ನನ್ನು ಕಂಡು ನಕ್ಕಳು. ಆ ನಗು ಮುಗಿಯುವ ಮೊದಲೇ ಅವಳ ಕಣ್ಣು ಅಡುಗೆಮನೆಯ ಕಡೆ ಹೋಯಿತು. ಸೊರಗಿದ್ದಳು. ಏನೋ ಸರಿ ಇಲ್ಲ ಎಂದುಕೊಂಡೆ.

"ಕರ್ಕೊಂಡು ಹೋಗ್ಲಿಕ್ಕೆ ಬಂದದ್ದಾ?" ಎಂದರು ಅತ್ತೆ. "ಒಳ್ಳೇದು. ಮೊದ್ಲು ಅಟ್ಟಕ್ಕೆ ಹತ್ತಿ ನೋಡಿ ಬನ್ನಿ, ನಿಮ್ಮ ಹುಡುಗಿಯ ಕೈಗುಣ."

"ಅಟ್ಟ ಹತ್ತುವ ಪ್ರಾಯ ನನ್ನದಲ್ಲ ಮಾರಾಯ್ರೆ. ಇಲ್ಲೇ ಹೇಳಿ," ಎಂದ ಮಾವ.

"ಹೇಳುದೆಂತ? ವರ್ಷದ ಉಪ್ಪಿನಕಾಯಿ ಬಾಯಿ ಬಿಟ್ಟು ಕೂತಿದೆ. ಆಟಿಯಲ್ಲಿ ಗಂಜಿಗೆ ಮತ್ತೆಂತ ಉಂಟು? ತರಕಾರಿ ಉಂಟಾ, ಸೊಪ್ಪು ಉಂಟಾ? ಮನೆಯವರು, ಕೆಲಸದವರು ಎಲ್ಲ ಅದನ್ನೇ ನಂಬಿದ್ದು."

ಅಕ್ಕನ ಗಂಡ, ನಮ್ಮ ಭಾವ, ಕಂಬಕ್ಕೆ ಒರಗಿ ನಿಂತಿದ್ದವರು ಮೆಲ್ಲಗೆ, "ಆ ಗಾಜಿನ ಭರಣಿ ತಂದದ್ದು ನಾನು ಅಮ್ಮಾ," ಎಂದರು.

"ನೀನು ತಂದದ್ದು ಖಾಲಿ. ತುಂಬಿಸಿದ್ದು ಯಾರು?"

ಭಾವ ಅಂಗಳದ ಮಳೆ ನೋಡತೊಡಗಿದರು.

ಅಡುಗೆಮನೆಯಲ್ಲಿ ಅಕ್ಕ ವಿಷಯ ಹೇಳಿದಳು. ಆ ಮನೆಯ ದೊಡ್ಡ ಚೀನಿ ಭರಣಿ ಹಿಂದಿನ ವರ್ಷ ಬಿರುಕು ಬಿಟ್ಟಿತ್ತು. ಭಾವ ಪುತ್ತೂರಿನ ಅಂಗಡಿಯೊಂದರಿಂದ ಮಿಠಾಯಿ ತುಂಬಿಸಿಡುವ ಗಾಜಿನ ಭರಣಿಗಳನ್ನು ತಂದುಕೊಟ್ಟರು. ಅದೇ ಸಮಯಕ್ಕೆ ಕಡಬದ ಶಾಲೆಗೆ ಬಂದಿದ್ದ ಗ್ರಾಮಸೇವಿಕೆ, ಗಾಜಿನ ಭರಣಿಯ ಮುಚ್ಚಳದ ಸುತ್ತ ಜೇನುಮೇಣ ಕರಗಿಸಿ ಹೊಯ್ದು ಗಾಳಿಯಾಡದ ಹಾಗೆ ಬಾಯಿ ಮುಚ್ಚುವುದನ್ನು ಹೆಂಗಸರಿಗೆಲ್ಲ ತೋರಿಸಿದ್ದರು. ಅಕ್ಕ ಅದನ್ನು ಕಲಿತು, ಒಂದು ಚೂರೂ ತಪ್ಪದೆ ಹಾಗೆಯೇ ಮಾಡಿದಳು. ಮಾಡಿ, ಎಲ್ಲಿಟ್ಟಳು? ನಮ್ಮ ತಾಯಂದಿರು, ಅಜ್ಜಿಯಂದಿರು ಉಪ್ಪಿನಕಾಯಿಯನ್ನು ಎಲ್ಲಿಡುತ್ತಾ ಬಂದಿದ್ದರೋ ಅಲ್ಲಿ. ಒಲೆಯ ನೇರ ಮೇಲಿನ ಅಟ್ಟದಲ್ಲಿ.

ಬಟ್ಟೆ ಕಟ್ಟಿದ ಚೀನಿ ಭರಣಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮಳೆಗಾಲದಲ್ಲಿ ಮನೆಯ ಮೂಲೆ ಮೂಲೆ ತೇವವಾದರೂ ಅಲ್ಲಿ ಬಟ್ಟೆ ಒಣಗಿಯೇ ಇರುತ್ತದೆ. ಮೇಣಕ್ಕೆ ಮಾತ್ರ ಅದು ಚಿತೆ. ಮಳೆ ಬಿದ್ದ ಮೇಲೆ ಒಲೆ ಆರುವುದೇ ಇಲ್ಲವಲ್ಲ. ಮೇಣ ಹದವಾಗಿ ಮೆತ್ತಗಾಯಿತು, ಒಳಗಿನ ಖಾರ ಬೆಚ್ಚಗಾಗಿ ಉಬ್ಬಿ ಮುಚ್ಚಳವನ್ನು ಎತ್ತಿತು, ಆ ಸಂದಿನಿಂದ ಗಾಳಿ ಒಳಗೆ ಹೊಕ್ಕಿತು. ಗ್ರಾಮಸೇವಿಕೆಗೆ ನಮ್ಮ ಅಟ್ಟ ಗೊತ್ತಿರಲಿಲ್ಲ, ಅಟ್ಟಕ್ಕೆ ಮೇಣ ಗೊತ್ತಿರಲಿಲ್ಲ. ನಮ್ಮ ಕಡೆಯ ಹೆಂಗಸರಲ್ಲದೆ ಬೇರೆ ಯಾರೂ ಮಾಡಲಾಗದ ತಪ್ಪು ಅದು. ಹೊಸತನ್ನು ಕಲಿತು ಹಳೆಯ ಜಾಗದಲ್ಲಿಡುವುದು.

ನಾನು ಏಣಿ ಹತ್ತಿ ನೋಡಿದೆ. ಮುಚ್ಚಳಗಳ ಸುತ್ತ ಮೇಣ ಇಳಿದು ಗಾಜಿನ ಮೇಲೆ ಹನಿಗಟ್ಟಿತ್ತು. ಕೆಲವು ಭರಣಿಗಳಲ್ಲಿ ಖಾರದ ಮೇಲೆ ಬಿಳಿ ಪೊರೆ. ಒಂದರಲ್ಲಿ ನೊರೆ. ಆದರೂ ಹೆಚ್ಚಿನವುಗಳಲ್ಲಿ ಮಿಡಿ ಕೆಳಗೆ ಕಪ್ಪಗೆ, ಗಟ್ಟಿಯಾಗಿ ಕೂತಿತ್ತು. ನನ್ನ ವ್ಯಾಪಾರದ ಬುದ್ಧಿ ಆಗಲೇ ಎಚ್ಚರವಾದದ್ದು.

ಜಗಲಿಗೆ ಬಂದು, "ಅತ್ತೆ, ಅದು ಹಾಳಾದದ್ದಲ್ಲ. ಬಾಯಿ ಬಿಟ್ಟದ್ದು ಅಷ್ಟೇ," ಎಂದೆ.

"ಕಾಣ್ತದಲ್ಲ. ಅದೂ ಬಿಟ್ಟಿದೆ, ನೀನೂ ಬಿಟ್ಟಿದ್ದಿ."

"ಸರಿ ಮಾಡಿ ಕೊಟ್ರೆ ನಾಳೆ ಅಕ್ಕನನ್ನು ಕಳಿಸ್ತೀರಾ?"

"ಅವಳು ಸರಿ ಮಾಡಿ ನಾಳೆ ಹೋದ್ರೆ ಆಮೇಲೆ ನೋಡುದು ಯಾರು? ಬಾಯಿ ಕಟ್ಟಿದ ಕೈಯೇ ಬಿಚ್ಚಿ ನೋಡ್ಬೇಕು. ಇಷ್ಟು ವರ್ಷ ಈ ಮನೆಯ ಭರಣಿಗೆ ಎರಡನೆಯವರ ಕೈ ಬೀಳ್ಲಿಲ್ಲ. ಹೋಗುದಾದ್ರೆ ಭರಣಿ ನಿಂತ ಮೇಲೆ ಹೋಗ್ಲಿ."

ಭರಣಿ ಕೆಡದೆ ನಿಂತಿತೋ ಇಲ್ಲವೋ ತಿಳಿಯಲು ಒಂದು ವಾರವಾದರೂ ಬೇಕು. ಅಷ್ಟರಲ್ಲಿ ಹೊಳೆ ಏರುತ್ತದೆ, ಏರಿದರೆ ಅಕ್ಕನ ಆಟಿ ಅಲ್ಲಿಗೇ ಮುಗಿದ ಹಾಗೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ನಾನು ಒಂದು ಕ್ಷಣ ಯೋಚಿಸಿ, "ಹಾಗಾದ್ರೆ ಅಕ್ಕ ಮುಟ್ಟುದೇ ಬೇಡ. ಎಲ್ಲ ಭರಣಿಯ ಬಾಯಿ ನಾನೇ ಕಟ್ತೇನೆ. ಮತ್ತೆ ಅವಳನ್ನು ನಿಲ್ಲಿಸುವ ಕಾರಣ ಇಲ್ವಲ್ಲ?" ಎಂದೆ.

ಅತ್ತೆ ಜಗಿಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮಾವ ಎರಡು ಸಲ ಕೆಮ್ಮಿದ. ನಾನು ಆ ಕಡೆ ತಿರುಗಲಿಲ್ಲ.

"ಕಟ್ಟುದು ನೀನು. ಮಾತು ಮಾತೇ?"

"ಮಾತು ಮಾತೇ."

"ಆಯ್ತು."

ಓದುವವರಿಗೆ ಒಂದು ಕಿವಿಮಾತು. ಚರ್ಚೆಯಲ್ಲಿ ಎದುರಿನವರು ತಟ್ಟನೆ ಆಯ್ತು ಎಂದರೆ, ಅಲ್ಲೇ ನಿಂತು ನೀವು ಕೊಟ್ಟದ್ದೇನು ಎಂದು ಇನ್ನೊಮ್ಮೆ ನೋಡಿಕೊಳ್ಳಿ. ನನಗೆ ಆ ವಯಸ್ಸಿನಲ್ಲಿ ಗೆದ್ದೆ ಎನ್ನುವುದೊಂದೇ ತಲೆಯಲ್ಲಿದ್ದದ್ದು.

ಭರಣಿ ಬಾಯಿ ಬಿಟ್ಟಾಗ ಮಾಡಬೇಕಾದ್ದು ಇಷ್ಟು. ತೆರೆಯುವ ಮೊದಲು ನೋಡಿ, ಗಾಜಿನದ್ದಾದರೆ ಅದೇ ಅದರ ಉಪಕಾರ. ನೊರೆ ಬಂದದ್ದು, ಮುಚ್ಚಳ ತಾನೇ ಎದ್ದು ನಿಂತದ್ದು, ಕೆಟ್ಟ ವಾಸನೆ ಹೊಡೆಯುವುದು ಇದ್ದರೆ ನಾಲಿಗೆಗೆ ಮುಟ್ಟಿಸಬೇಡಿ, ಆಸೆಯನ್ನೂ ಇಟ್ಟುಕೊಳ್ಳಬೇಡಿ. ನಾನು ಅಂಥದ್ದೊಂದನ್ನು ಹೊರಗೆ ಒಯ್ಯುವಾಗ ಅತ್ತೆ, "ತೆಂಗಿನ ಬುಡಕ್ಕೆ ಹಾಕು, ಉಪ್ಪು ಅದಕ್ಕಾದ್ರೂ ಆಗ್ತದೆ," ಎಂದರು. ಬರೇ ಬಿಳಿ ಪೊರೆ ಕಟ್ಟಿದ್ದರೆ ಒಣಗಿದ ಮರದ ಸೌಟಿನಿಂದ ಮೇಲಿನ ಖಾರದ ಸಮೇತ ಧಾರಾಳವಾಗಿ ತೆಗೆಯಬೇಕು. ಇಲ್ಲಿ ಜಿಪುಣತನ ಮಾಡಿದವರು ಮತ್ತೆ ಇಡೀ ಭರಣಿ ಕಳೆದುಕೊಳ್ಳುತ್ತಾರೆ. ಆಮೇಲೆ ಮಿಡಿಗಳನ್ನು ಒಂದೊಂದಾಗಿ ಹೆಬ್ಬೆರಳಿನಲ್ಲಿ ಒತ್ತಿ ನೋಡುವುದು. ಎದುರು ಒತ್ತಿದರೆ ಇರಲಿ, ಬೆರಳಿಗೆ ಸೋತರೆ ಹೊರಗೆ. ಚೆನ್ನಾಗಿರುವುದರ ಜೊತೆ ಸಂಶಯದ್ದನ್ನು ಸೇರಿಸಬಾರದು, ನಾಲ್ಕೇ ನಾಲ್ಕು ಮಿಡಿಯಾದರೂ.

ಭರಣಿಗಳನ್ನು ಬಿಸಿನೀರಿನಲ್ಲಿ ತೊಳೆದೆವು. ಆಟಿಯಲ್ಲಿ ಬಿಸಿಲೆಲ್ಲಿಂದ ಬರಬೇಕು? ಕೆಂಡದ ಮೇಲೆ ಇಂಗಿನ ಚೂರು ಹಾಕಿ, ಆ ಹೊಗೆಯ ಮೇಲೆ ಭರಣಿಯನ್ನು ಕವುಚಿ ಹಿಡಿದು ಒಣಗಿಸಿದೆವು. ಉಪ್ಪು ನೀರು ಕುದಿಸಿ ಪೂರ್ತಿ ತಣಿಯುವವರೆಗೆ ಕಾದೆವು. ಕೈಗೆ ಬೆಚ್ಚಗಿದ್ದರೂ ಆಗದು. ಹೊಸದಾಗಿ ಮೆಣಸು, ಸಾಸಿವೆ ಅರೆದುಕೊಟ್ಟವಳು ಅಕ್ಕ. ಅರೆಯುವ ಕಲ್ಲಿನ ಹತ್ತಿರದಿಂದಲೇ ಕೇಳುತ್ತಿದ್ದಳು.

"ಕೈ ಒಣಗಿದ್ಯಾ?"

"ಒಣಗಿದೆ."

"ಉಗುರಿನ ಸಂದಿ ನೋಡು."

"ನೋಡಿದೆ ಮಾರಾಯ್ತಿ."

"ಕುತ್ತಿಗೆವರೆಗೆ ತುಂಬಿಸು. ನಡುವೆ ಗಾಳಿಗೆ ಜಾಗ ಬಿಡ್ಬೇಡ."

ಬಾಯಿಂದ ಬಂದದ್ದೆಲ್ಲ ಬರೇ ಇಂಥದ್ದೇ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಮಣೆ ಹಾಕಿ ಕೂತಿದ್ದರು. ಜವಳಿ ಅಂಗಡಿಯವರ ಸೈಕಲ್ಲು ನನ್ನ ನಾಲಿಗೆಯ ತುದಿಗೆ ಬಂದು ಬಂದು ಹಿಂದೆ ಹೋಯಿತು. ಇರಲಿ, ನಾಳೆ ದೋಣಿಯಲ್ಲಿ ಹೇಳಿದರಾಯಿತು, ಇನ್ನು ತಿಂಗಳಿಡೀ ನಮ್ಮದೇ ಎಂದುಕೊಂಡೆ. ತಗಡಿನ ಮುಚ್ಚಳಕ್ಕೆ ಉಪ್ಪು ತಾಗಿದರೆ ತುಕ್ಕು ಬರುತ್ತದೆ; ಅದಕ್ಕೆ ಒಲೆಯ ಮೇಲೆ ಬಾಡಿಸಿದ ಬಾಳೆಲೆಯನ್ನು ಅಡಿಯಲ್ಲಿಟ್ಟು, ಮುಚ್ಚಳ ಹಾಕಿ, ಮೇಲಿಂದ ಒಣಬಟ್ಟೆ ಮುಚ್ಚಿ ಬಾಳೆನಾರಿನಿಂದ ಬಿಗಿದು ಕಟ್ಟಿದೆ. ಮೇಣದ ಸುದ್ದಿಗೇ ಹೋಗಲಿಲ್ಲ. ಅಟ್ಟಕ್ಕೆ ಏರಿಸುವ ಬದಲು ಒಳಕೋಣೆಯ ಕತ್ತಲೆ ಮೂಲೆಯಲ್ಲಿ, ನೆಲ ಮುಟ್ಟದ ಹಾಗೆ ಹಲಗೆಯ ಮೇಲೆ ಸಾಲಾಗಿ ಇಟ್ಟೆ. ಪ್ರತಿಯೊಂದು ಗಂಟೂ ನನ್ನ ಕೈಯದ್ದೇ. ಅಕ್ಕ ಒಂದನ್ನೂ ಮುಟ್ಟಲಿಲ್ಲ.

ಬೆಳಿಗ್ಗೆ ಅಕ್ಕ ಸೀರೆಗಳ ಗಂಟು ಕಟ್ಟಿಕೊಂಡು ಜಗಲಿಗೆ ಬಂದಳು. ಅತ್ತೆ ತಾವೇ ಅವಳ ತಲೆಗೆ ಹೂ ಮುಡಿಸಿದರು, ಅಮ್ಮನಿಗೆಂದು ಬೆಲ್ಲ ಕೊಟ್ಟರು. ನಾನು ನನ್ನ ಕೊಡೆ ಎತ್ತಿಕೊಂಡೆ.

"ನೀನು ಎಲ್ಲಿಗೆ?" ಎಂದರು ಅತ್ತೆ.

"ಮನೆಗೆ."

"ನಿನ್ನ ಅಕ್ಕ ಹೋಗ್ಲಿ. ಮಾತು ಕೊಟ್ಟಾಗಿದೆ, ನಾನು ತಪ್ಪುದಿಲ್ಲ. ಭರಣಿ ಕಟ್ಟಿದ್ದು ಯಾರ ಕೈ?"

ನಾನು ಮಾವನ ಮುಖ ನೋಡಿದೆ. ಮಾವ, "ನಾನು ನಿನ್ನೆಯೇ ಕೆಮ್ಮಿದೆ," ಎಂದ.

ಅಕ್ಕ ಗಂಟು ಕೆಳಗಿಟ್ಟಳು. "ಅವಳನ್ನು ಬಿಟ್ಟು ನಾನು ಹೋಗುದಿಲ್ಲ." ಅಷ್ಟು ಗಟ್ಟಿಯಾಗಿ ಅವಳು ಆ ಮನೆಯಲ್ಲಿ ಮಾತಾಡಿದ್ದು ಅದೇ ಮೊದಲಿರಬೇಕು, ಭಾವ ತಿರುಗಿ ನೋಡಿದರು.

"ಹಾಗಾದ್ರೆ ಇಬ್ಬರೂ ಇರಿ. ನನಗೆಂತ, ಕೈ ಜಾಸ್ತಿಯಾಯ್ತು," ಎಂದರು ಅತ್ತೆ. ಸ್ವರದಲ್ಲಿ ಸಿಟ್ಟೇನೂ ಇರಲಿಲ್ಲ. ಅವರ ಕ್ರಮ ಅವರು ಹೇಳಿದ್ದು.

ಘಟ್ಟದ ಕಡೆ ಆಕಾಶ ಕಪ್ಪಾಗುತ್ತಿತ್ತು. ಇಬ್ಬರೂ ನಿಂತರೆ ಅಮ್ಮನಿಗೆ ಒಬ್ಬ ಮಗಳೂ ಇಲ್ಲ, ಅಕ್ಕನಿಗೆ ಇರುವ ಒಂದೇ ಆಟಿಯೂ ಇಲ್ಲ. ಲೆಕ್ಕ ಕಷ್ಟದ್ದಾಗಿರಲಿಲ್ಲ. ನಾನು ಗಂಟು ಎತ್ತಿ ಅವಳ ಕೈಗೆ ಕೊಟ್ಟೆ. "ಒಂದು ವಾರ ಅಲ್ವಾ? ಭರಣಿ ನಿಂತ ಮರುದಿನ ಬರ್ತೇನೆ. ಆಮೇಲೂ ಆಟಿ ಎಷ್ಟು ಉಂಟು! ಹೋಗು, ಅಮ್ಮ ದಾರಿ ನೋಡ್ತಿರ್ತಾರೆ."

ಅವರು ಹೋದ ದಿನವೇ ಮಳೆ ಹಿಡಿಯಿತು. ಹೊಳೆ ಎರಡೂ ದಡ ಬಿಟ್ಟು ತೋಟಕ್ಕೆ ನುಗ್ಗಿತು ಎಂದು ಕಡವಿನ ಕಡೆಯಿಂದ ಬಂದವರು ಹೇಳಿದರು. ನನ್ನ ಭರಣಿಗಳು ವಾರದೊಳಗೆ ನಿಂತವು. ಬೆಳಿಗ್ಗೆ ಎದ್ದ ಕೂಡಲೇ ದೀಪ ಹಿಡಿದು ಹೋಗಿ ನೋಡುತ್ತಿದ್ದೆ: ಬಟ್ಟೆ ತೇವ ಎಳೆದಿದೆಯೋ, ಪೊರೆ ಕಟ್ಟಿದೆಯೋ, ವಾಸನೆ ಬದಲಾಗಿದೆಯೋ. ಏನೂ ಆಗಲಿಲ್ಲ. ಭರಣಿಯ ಜೊತೆ ದೋಣಿಯೂ ನಿಂತಿತು, ಅಷ್ಟೇ. ದಡದಲ್ಲಿ ಕಟ್ಟಿದ್ದನ್ನು ದೋಣಿಯವನು ಮೇಲೆಳೆದು ಮನೆಯ ಹಿಂದೆ ಕವುಚಿ ಹಾಕಿದ್ದನಂತೆ. ನಾನು ಅಕ್ಕನ ಚಾಪೆಯಲ್ಲಿ ಮಲಗಿದೆ, ಅಕ್ಕನ ಸೀರೆ ಉಟ್ಟೆ, ಅವಳು ಬಾಚಣಿಗೆ ಸಿಕ್ಕಿಸುತ್ತಿದ್ದ ಮಾಡಿನ ಸಂದಿಯಲ್ಲೇ ನನ್ನದನ್ನೂ ಸಿಕ್ಕಿಸಿದೆ. ಕೆಲಸ ಮುಗಿದಾಗ ಹಿಂಬಾಗಿಲಲ್ಲಿ ನಿಂತು ಹೊಳೆಯ ದಿಕ್ಕಿಗೆ ನೋಡುತ್ತಿದ್ದೆ. ಒಮ್ಮೆ ಅತ್ತೆ ಬಂದು, "ನಿನ್ನ ಅಕ್ಕನೂ ಇಲ್ಲೇ ನಿಲ್ಲುದು," ಎಂದರು.

ನಾನು ಸರಿದು ಅವರಿಗೆ ಜಾಗ ಬಿಟ್ಟೆ.

"ಅವಳಿಗೆ ಮಾತೇ ಇಲ್ವಲ್ಲ? ಕೇಳಿದ್ದಕ್ಕೆ ಹೂಂ, ಇಲ್ಲದಿದ್ರೆ ಊಹೂಂ. ಒಳ್ಳೆ ಹುಡುಗಿಯೇ. ಆದ್ರೆ ಒಂದು ಗುಟುಕು ನಗುವೂ ಇಲ್ಲ ಮಾರಾಯ್ತಿ. ಮೂಗಿಯನ್ನು ಕಟ್ಟಿದ್ರಾ ಅಂತ ಕಂಡಿತ್ತು ನನಗೆ."

ನನ್ನ ಅಕ್ಕನಿಗೆ ಮಾತಿಲ್ಲ! ಬಳೆಗಾರ್ತಿ, ಅಂಚೆಯವನು, ಲೆಕ್ಕದ ಮಾಸ್ತರು, ಎಲ್ಲರೂ ಸಾಲಾಗಿ ನನ್ನ ಕಣ್ಣೆದುರು ಬಂದು ನಿಂತರು. ಅಷ್ಟೂ ಜನರನ್ನು ಅವಳು ಹೊಳೆಯ ಆಚೆ ಬಿಟ್ಟು ಬಂದಿದ್ದಳು. ಅಳುವ ಬದಲು ನಾನು ಸೊಂಟಕ್ಕೆ ಕೈಕೊಟ್ಟು, ಅಕ್ಕ ಮರದ ಯಜಮಾನರನ್ನು ಮಾಡಿ ತೋರಿಸುತ್ತಿದ್ದ ಹಾಗೆಯೇ ಸ್ವರ ಎಳೆದು ಆ ಉಪ್ಪು ಹಾಕಿದ ನಾಲಿಗೆಯ ಮಾತು ಹೇಳಿ, ಅಕ್ಕ ಮಾಡುವುದು ಹೀಗೆ ಎಂದೆ. ಅವಳಷ್ಟು ಚೆನ್ನಾಗಿ ಬರಲಿಲ್ಲ. ಆದರೂ ಅತ್ತೆ ನಕ್ಕರು. ಆಮೇಲೆ, "ನನ್ನನ್ನು ಹೇಗೆ ಮಾಡ್ತಾಳೆ?" ಎಂದು ಕೇಳಿದರು.

"ಅದು ನನಗೆ ಗೊತ್ತಿಲ್ಲ ಅತ್ತೆ."

"ಗೊತ್ತಿಲ್ಲದ್ದಲ್ಲ. ಹೇಳ್ಲಿಕ್ಕೆ ಹೆದರಿಕೆ. ಮಾಡು, ನಾನು ಬಯ್ಯುದಿಲ್ಲ."

ನಾನು ಮಡಿಲಲ್ಲಿ ಎಲೆಯಡಿಕೆ ಚೀಲ ಇಟ್ಟುಕೊಂಡವರ ಹಾಗೆ ಕೂತು, ಸ್ವರ ಸಪೂರ ಮಾಡಿ, "ನೀನು ತಂದದ್ದು ಖಾಲಿ. ತುಂಬಿಸಿದ್ದು ಯಾರು?" ಎಂದೆ. ಅತ್ತೆ ನಕ್ಕ ರಭಸಕ್ಕೆ ಬಾಯಲ್ಲಿದ್ದ ರಸ ಅಂಗಳಕ್ಕೆ ಹಾರಿತು. ಕಣ್ಣು ಒರೆಸಿಕೊಂಡು, "ಇನ್ನೆಂತ ಉಂಟು? ಹೇಳು," ಎಂದರು.

ಹಾಗೆ, ಅಕ್ಕನಿಗೆಂದು ಕೂಡಿಟ್ಟದ್ದನ್ನೆಲ್ಲ ನಾನು ಆ ಜಗಲಿಯಲ್ಲಿ ಅವಳ ಅತ್ತೆಗೆ ಖರ್ಚು ಮಾಡಿದೆ. ಜವಳಿ ಅಂಗಡಿಯವರ ಸೈಕಲ್ಲು, ರೇಡಿಯೊದ ಅಜ್ಜಿ, ಎಲ್ಲ. ಮಳೆ ಬಿಡಲಿಲ್ಲ, ಅತ್ತೆಯೂ ಬಿಡಲಿಲ್ಲ. ನನ್ನಲ್ಲಿ ಮುಗಿದ ಮೇಲೆ ಹೇಳಿದ್ದನ್ನೇ ಮತ್ತೆ ಹೇಳಿಸಿದರು.

ಹೊಳೆ ಇಳಿದದ್ದು ಆಟಿ ಮುಗಿಯುವ ಹೊತ್ತಿಗೆ. ಅಕ್ಕನನ್ನು ಕರೆತರಲು ಭಾವ ಹಿಂದಿನ ದಿನವೇ ದಾಟಿ ಹೋಗಿದ್ದರು. ನಾನು ಕಡವಿಗೆ ಬಂದು ನಿಂತಾಗ ಅಕ್ಕ, ಭಾವ, ಮಾವ ಕೂತಿದ್ದ ದೋಣಿ ಆಚೆಯಿಂದ ಬರುತ್ತಾ ಇತ್ತು. ಅದೇ ದೋಣಿ ನನ್ನನ್ನೂ ಮಾವನನ್ನೂ ಹೊತ್ತು ಹಿಂದೆ ಹೋಗುವುದು. ಅಕ್ಕ ಇಳಿದಳು. ಮೈ ಕೈ ತುಂಬಿಕೊಂಡಿದ್ದಳು, ಅಮ್ಮನ ಎಣ್ಣೆ ತಲೆಯಲ್ಲಿ ಮಿನುಗುತ್ತಿತ್ತು. ಇಬ್ಬರೂ ಕೆಸರಿನಲ್ಲಿ ನಿಂತೆವು.

"ಎಷ್ಟು ಮೆತ್ತಗಾದವು?" ಎಂದು ಕೇಳಿದಳು.

"ಒಂದೂ ಇಲ್ಲ."

"ಬಟ್ಟೆ ಬದಲಿಸಿದ್ಯಾ?"

"ಬದಲಿಸಿದೆ. ನೀನು ಇನ್ನು ಅಟ್ಟಕ್ಕೆ ಇಡ್ಬೇಡ."

"ಇಲ್ಲ."

ಇಷ್ಟು ದಿನ ಕಾದು ಆಡಿದ ಮಾತು ಇವು. "ಅಮ್ಮ ಹೇಗಿದ್ದಾರೆ?" ಎಂದೆ. "ಇದ್ದಾರೆ. ನೀನು ಇಲ್ಲಾಂತ ದಿನಾ ಹೇಳುದು," ಎಂದಳು. ದೋಣಿಯವನು ಹುಟ್ಟನ್ನು ಹಲಗೆಗೆ ಬಡಿದು, "ಹತ್ತುದಾ, ಅಲ್ಲ ಇಲ್ಲೇ ಮನೆ ಕಟ್ಟುದಾ?" ಎಂದು ಕೇಳಿದ. ಹತ್ತುವ ಮೊದಲು ನಾನು ಅವಳ ಕಿವಿಯ ಹತ್ತಿರ ಹೇಳಿದೆ: "ಅತ್ತೆ ಎದುರು ಎಲ್ಲರನ್ನೂ ಮಾಡಿ ತೋರಿಸು. ಅವರಿಗೆ ನಗು ಬೇಕು. ಹೆದರ್ಬೇಡ."

ಅಕ್ಕ ನಂಬದವಳ ಹಾಗೆ ನೋಡಿದಳು. ದೋಣಿ ನಡುಹೊಳೆಗೆ ಬಂದಾಗ ಅವಳು ದಡದಿಂದ ಕೈ ಎತ್ತಿ ಏನೋ ಕೂಗಿದಳು. ನೀರಿನ ಸದ್ದಿನಲ್ಲಿ ಕೇಳಿಸಲಿಲ್ಲ. ಮಾವನಿಗೂ ಕೇಳಿಸಲಿಲ್ಲವಂತೆ.

ಆಮೇಲೆ ಆ ಮನೆಯಲ್ಲಿ ಅಕ್ಕನಿಗೆ ಮಾತು ಬಂತು. ಭಾವ ಬಂದಾಗಲೆಲ್ಲ, ಅತ್ತೆ ಸೊಸೆ ಸೇರಿ ಊರನ್ನೇ ಆಡಿಕೊಳ್ಳುತ್ತಾರೆ ಎಂದು ದೂರುತ್ತಿದ್ದರು. ಮರುವರ್ಷ ಮಗು, ಮತ್ತೊಂದು ಮಗು. ಅವಳು ಬೆಳ್ಳಾರೆಗೆ ಬಂದರೆ ಬೆಳಿಗ್ಗೆ ಬಂದು ಸಂಜೆಯ ಒಳಗೆ ಹೊಳೆ ದಾಟಬೇಕಾಗಿತ್ತು. ನನಗೂ ಮದುವೆ, ಮನೆ, ವ್ಯಾಪಾರ. ಒಲೆಯ ಬದಿಯಲ್ಲಿ ಕೂತು ಒಂದು ತಿಂಗಳು ಮಾತಾಡುವ ಸಮಯ ನಮಗಿಬ್ಬರಿಗೂ ಮತ್ತೆ ಸಿಗಲಿಲ್ಲ. ಮದುವೆ ಗೊತ್ತಾದ ಹುಡುಗಿಯ ತಂಗಿಯರನ್ನು ಕಂಡರೆ ಈಗಲೂ ನಾನು ಹೇಳುವುದುಂಟು: ಆಟಿಯಲ್ಲಿ ಎಲ್ಲಿಗೂ ಹೋಗಬೇಡಿ, ಯಾರ ಭರಣಿಗೂ ಕೈ ಹಾಕಬೇಡಿ.

ಹೊಳೆ ದಾಟಿ ವಾಪಸು ಬಂದ ಆ ದಿನ ಮನೆ ಸೇರಿದಾಗ ಕತ್ತಲಾಗುತ್ತಾ ಬಂದಿತ್ತು. ಕಾಲು ತೊಳೆದು ಒಳಗೆ ಹೋದವಳೇ ಅಮ್ಮನನ್ನು ಕೇಳಿದೆ. ಅಕ್ಕ ಎಂತೆಂತ ಹೇಳಿದಳು? ಯಾರನ್ನು ಮಾಡಿ ತೋರಿಸಿದಳು? ಅಮ್ಮ ಗಂಜಿ ಬಡಿಸುತ್ತಾ ನೆನಪು ಮಾಡಿಕೊಂಡು ಹೇಳಿದರು. ಬಳೆಗಾರ್ತಿ ಬಂದಿದ್ದದ್ದು, ಅವಳ ಎದುರೇ ಅವಳನ್ನು ಮಾಡಿದ್ದು, ಕಡಬದ ಗ್ರಾಮಸೇವಿಕೆ ಮೇಣ ಹೊಯ್ಯುವಾಗ ಕನ್ನಡಕ ಜಾರಿದ್ದು, ಮಾವ ದೋಣಿಯಲ್ಲಿ ಕಣ್ಣು ಮುಚ್ಚಿಕೊಂಡು ಸುಬ್ರಹ್ಮಣ್ಯನಿಗೆ ಹರಕೆ ಹೇಳಿಕೊಂಡದ್ದು. ಅಮ್ಮನಿಗೆ ಯಾರ ಸ್ವರವೂ ಬರುತ್ತಿರಲಿಲ್ಲ, ಎಲ್ಲರೂ ಅಮ್ಮನ ಹಾಗೆಯೇ ಮಾತಾಡಿದರು. ಮರುದಿನ ಮತ್ತೆ ಕೇಳಿದೆ. ಮತ್ತೊಂದು ದಿನ, "ನಿನ್ನೆ ಹೇಳಿದೆನಲ್ಲ," ಎಂದರೂ ಬಿಡದೆ ಕೇಳಿದೆ. ಪ್ರತಿ ಸಲವೂ ಅಮ್ಮ ಹೇಳುವುದು ಸ್ವಲ್ಪ ಸ್ವಲ್ಪ ಗಿಡ್ಡವಾಗುತ್ತಾ ಬಂತು. ಕೊನೆಗೆ, "ಅವಳು ತುಂಬಾ ನಗಾಡಿಸಿದಳು," ಎಂಬುದೊಂದೇ ಉಳಿಯಿತು.